ಮನೆ ಹಿಗ್ಗಿಸುವ ಮುಂಚೆ: ನಕ್ಷೆ ಯಾರ ಕೈಲಿ ಬರೆಸೋದು?

ಮಗ ದೊಡ್ಡವನಾದ, ಅವನಿಗೊಂದು ಕೋಣೆ ಬೇಕು. ಅಥವಾ ಊರಿಂದ ಅಪ್ಪ-ಅವ್ವ ಬಂದು ಇರ್ತಾರೆ, ಅವರಿಗೆ ಕೆಳಗೇ ಒಂದು ಬಚ್ಚಲು ಬೇಕು. ಇಲ್ಲಾ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಡಬೇಕು. ಹೀಗೆ ಶುರುವಾಗುವ ಮಾತು ವಾರದೊಳಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಗೊತ್ತಿರುವ ಗೌಂಡಿಗೆ ಹೇಳಿಬಿಡೋಣವಾ, ಎಂಜಿನಿಯರ್ ಕೈಲಿ ಪ್ಲ್ಯಾನ್ ಮಾಡಿಸೋಣವಾ, ಆರ್ಕಿಟೆಕ್ಟ್ ಹತ್ತಿರ ಹೋಗೋಣವಾ, ಇಲ್ಲ ಸ್ಕ್ವೇರ್ ಫೂಟಿಗೆ ಇಷ್ಟು ಅಂತ ಪೂರ್ತಿ ಗುತ್ತಿಗೆ ಕೊಟ್ಟುಬಿಡೋಣವಾ?

ನಾವು ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಮನೆಗೆ ಹಿತ್ತಲ ಕಡೆ ಒಂದು ಕೋಣೆ, ಮೇಲೆ ಅರ್ಧ ಮಹಡಿ ಸೇರಿಸಿದೆವು. ಅದಕ್ಕೂ ಮುಂಚೆ ಧಾರವಾಡದ ಮಾಳಮಡ್ಡಿಯಲ್ಲಿ ಕಾಕಾ ಅಡುಗೆಮನೆ ಹಿಗ್ಗಿಸಿದ್ದನ್ನು, ತಂಗಿಯ ಮನೆಯವರು ಗದಗಿನಲ್ಲಿ ಪೂರ್ತಿ ಗುತ್ತಿಗೆ ಕೊಟ್ಟು ಪಟ್ಟ ಪಾಡನ್ನು ಹತ್ತಿರದಿಂದ ನೋಡಿದ್ದೆ. ಮೂರೂ ಮನೆಯಲ್ಲಿ ನನಗೆ ಕಂಡದ್ದು ಒಂದೇ. ಬಯಲು ಸೈಟಿನಲ್ಲಿ ಹೊಸ ಮನೆ ಕಟ್ಟುವುದೇ ಬೇರೆ, ಇರುವ ಮನೆಗೆ ಜೋಡಿಸುವುದೇ ಬೇರೆ. ಜೋಡಿಸುವ ಕೆಲಸದಲ್ಲಿ ಎಲ್ಲಾ ತೊಂದರೆ ಹುಟ್ಟುವುದು ಹಳೆಯದಕ್ಕೂ ಹೊಸದಕ್ಕೂ ಕೂಡುವ ಜಾಗದಲ್ಲಿ. ಆ ಜಾಗವನ್ನು ಹಾರೆ ಬೀಳುವ ಮುಂಚೆ ಕಾಗದದ ಮೇಲೆ ಯಾರು ಬರೆದುಕೊಡುತ್ತಾರೆ? ಆಮೇಲೆ ಅದರ ಜವಾಬ್ದಾರಿ ಯಾರು ಹೊರುತ್ತಾರೆ? ಈ ಎರಡು ಪ್ರಶ್ನೆ ಇಟ್ಟುಕೊಂಡು ಆರಿಸಿದರೆ ದಾರಿ ಸಿಗುತ್ತದೆ.

ಮೊದಲು ನಿಮ್ಮ ಮನೆ ಏನು ಕೇಳುತ್ತದೆ ನೋಡಿ

ಮೊದಲನೆಯದು ಭಾರ. ನಿಮ್ಮ ಮನೆಯಲ್ಲಿ ಭಾರ ಹೊತ್ತಿರುವುದು ಗೋಡೆಯಾ, ಕಾಲಮ್ಮಾ? ನಮ್ಮ ಕಡೆ ಹಳೆಯ ಕಲ್ಲುಗೋಡೆಯ ಮಂಗಳೂರು ಹೆಂಚಿನ ಮನೆಗಳಲ್ಲಿ, ಆಮೇಲೆ ಇಟ್ಟಂಗಿ ಗೋಡೆಯ ಮೇಲೆ ನೇರವಾಗಿ ಸ್ಲ್ಯಾಬ್ ಹಾಕಿದ ಮನೆಗಳಲ್ಲಿ ಕಾಲಮ್ಮೇ ಇರುವುದಿಲ್ಲ. ಅಂಥ ಮನೆಯಲ್ಲಿ ಪಡಸಾಲೆ ದೊಡ್ಡದಾಗಲಿ ಅಂತ ನಡುವಿನ ಗೋಡೆ ಒಡೆದರೆ ಮೇಲಿನ ಸ್ಲ್ಯಾಬಿನ ಆಸರೆಯೇ ಹೋಗುತ್ತದೆ. ಕಾಲಮ್ ಇದ್ದರೂ ಅವು ಒಂದೇ ಮಹಡಿಗೆ ಅಂತ ಹಾಕಿದ್ದಾ, ಎರಡಕ್ಕಾ ಅನ್ನುವುದು ಹಳೆಯ ನಕ್ಷೆ ನೋಡಿದರೆ ಮಾತ್ರ ಗೊತ್ತಾಗುತ್ತದೆ. ನಕ್ಷೆ ಇಲ್ಲದಿದ್ದರೆ ಪಾಯದ ಪಕ್ಕ ಎರಡು ಕಡೆ ಗುಂಡಿ ತೆಗೆದು ಫೂಟಿಂಗ್ (ಪಾಯದ ಬುಡದ ಅಗಲ ಭಾಗ) ಎಷ್ಟು ಅಗಲ, ಎಷ್ಟು ಆಳ ಅಂತ ಕಣ್ಣಾರೆ ನೋಡಬೇಕು. ಟೆರೇಸಿನ ಮೇಲೆ 'ಮುಂದೆ ಬೇಕಾಗ್ತದ' ಅಂತ ಬಿಟ್ಟ ಕಬ್ಬಿಣ ಎಷ್ಟೋ ಮನೆಗಳಲ್ಲಿದೆ. ಮಳೆಗೆ ತುಕ್ಕು ಹಿಡಿದು ಸಣ್ಣಗಾಗಿರುತ್ತದೆ. ಹೊಸ ಸರಳು ಜೋಡಿಸಲು ಸರಳಿನ ದಪ್ಪದ ಸುಮಾರು 50 ಪಟ್ಟು ಉದ್ದ ಒಂದರ ಪಕ್ಕ ಒಂದು ಬರಬೇಕು. 12 ಎಂಎಂ ಸರಳಿಗೆ ಅದು 2 ಅಡಿ. ಅಷ್ಟು ಗಟ್ಟಿ ಕಬ್ಬಿಣ ಮೇಲೆ ಉಳಿದಿದೆಯಾ ಅಂತ ಟೇಪ್ ಹಿಡಿದು ನೋಡಿ.

ಎರಡನೆಯದು ನೆಲ. ಇದನ್ನು ನಮ್ಮ ಕಡೆಯವರು ಮರೆಯಲೇಬಾರದು. ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನಿಮ್ಮ ಹಳೆಯ ಮನೆ ಎಷ್ಟೋ ವರ್ಷದಿಂದ ಆ ಮಣ್ಣಿನ ಮೇಲೆ ಕುಳಿತು ಹದಕ್ಕೆ ಬಂದಿದೆ. ಪಕ್ಕದಲ್ಲಿ ಹೊಸದು ಕಟ್ಟಿದರೆ ಅದು ಈಗಷ್ಟೇ ಕೂಡಲು ಶುರು ಮಾಡುತ್ತದೆ. ಎರಡನ್ನೂ ಬಿಗಿಯಾಗಿ ಹೆಣೆದರೆ ನಡುವೆ ಗೋಡೆ ಸೀಳುವುದು ಖಾತ್ರಿ. ಹೊಸ ಭಾಗಕ್ಕೆ ಅದರದೇ ಕಾಲಮ್ ಕೊಟ್ಟು ನಡುವೆ ಸುಮಾರು ಒಂದು ಇಂಚು ಸಂದು ಬಿಡಬೇಕಾ, ಪಾಯದ ಮೇಲೆ ನೆಲದ ಮಟ್ಟಕ್ಕೆ ಬರುವ ಪ್ಲಿಂತ್ ಬೀಮ್ ಹೇಗೆ ಹಾಕಬೇಕು, ಎರೆ ದಾಟಿ ಗಟ್ಟಿ ನೆಲ ಎಷ್ಟು ಅಡಿಗೆ ಸಿಗುತ್ತದೆ ಅನ್ನುವುದನ್ನು ಲೆಕ್ಕ ಮಾಡುವವರು ಬೇಕು. ಬುಡ ಅಗಲ ಮಾಡಿ ಇಳಿಸುವ ಅಂಡರ್-ರೀಮ್ಡ್ ಪೈಲ್ ಅನ್ನು ನಮ್ಮ ದೇಶದಲ್ಲಿ ಬೆಳೆಸಿದ್ದೇ ಇಂಥ ಮಣ್ಣಿಗಾಗಿ. ಎಲ್ಲರಿಗೂ ಅದು ಬೇಕಂತಿಲ್ಲ. ಬೇಕೋ ಬೇಡವೋ ಹೇಳುವವರು ಬೇಕು, ಅಲ್ವಾ?

ಮೂರನೆಯದು ಕಾಗದ. ಇರುವ ಮನೆಗೆ ಸೇರಿಸಿ ಕಟ್ಟಲಿಕ್ಕೂ ಮಹಾನಗರ ಪಾಲಿಕೆಯ ಪರವಾನಗಿ ಬೇಕು. ಖಾತೆ, ತೆರಿಗೆ ಕಟ್ಟಿದ ರಸೀದಿ, ಖರೀದಿ ಪತ್ರ, ಹಳೆಯ ಮಂಜೂರಾದ ನಕ್ಷೆ ಒಟ್ಟಿಗೆ ಇಟ್ಟುಕೊಳ್ಳಿ. ಸಾಲ ತೆಗೆಯುವವರಿದ್ದರೆ ಬ್ಯಾಂಕಿನವರು ಮಂಜೂರಾದ ನಕ್ಷೆ, ಎಸ್ಟಿಮೇಟ್ ಎರಡನ್ನೂ ಕೇಳುತ್ತಾರೆ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು: ಪಾಲಿಕೆಗೆ ಕೊಡುವ ನಕ್ಷೆ ಬೇರೆ, ಕಟ್ಟುವ ನಕ್ಷೆ ಬೇರೆ. ಮೊದಲನೆಯದರಲ್ಲಿ ಎಷ್ಟು ಜಾಗ ಬಿಟ್ಟಿದ್ದೀರಿ, ಎಷ್ಟು ಎತ್ತರ, ಕೋಣೆ ಎಷ್ಟು ಅಷ್ಟೇ ಇರುತ್ತದೆ. ಅದನ್ನು ಹಿಡಿದು ಗೌಂಡಿ ಮನೆ ಕಟ್ಟಲು ಆಗುವುದಿಲ್ಲ. ಕಟ್ಟುತ್ತಾನೆ ನಿಜ, ಉಳಿದದ್ದನ್ನೆಲ್ಲ ತನಗೆ ತಿಳಿದಂತೆ ತುಂಬಿಕೊಳ್ಳುತ್ತಾನೆ.

ನಾಲ್ಕನೆಯದು ಇಕ್ಕಟ್ಟು. ಜಾಗ ಚಿಕ್ಕದಾದಷ್ಟೂ ನಕ್ಷೆ ಜಾಸ್ತಿ ಬೇಕು. ಮೆಟ್ಟಿಲನ್ನೇ ತೆಗೆದುಕೊಳ್ಳಿ. ಕೋಣೆ 10 ಅಡಿ ಎತ್ತರ, ಮೇಲೆ 5 ಇಂಚು ಸ್ಲ್ಯಾಬ್, ಒಟ್ಟು 125 ಇಂಚು ಹತ್ತಬೇಕು. ಒಂದು ಮೆಟ್ಟಿಲು 7 ಇಂಚಿಗೆ ಸ್ವಲ್ಪ ಕಡಿಮೆ ಅಂದರೂ 18 ಮೆಟ್ಟಿಲು. ಎರಡು ಮಡಿಕೆ ಮಾಡಿದರೆ ಒಂದೊಂದು ಸಾಲಿಗೆ 9 ಮೆಟ್ಟಿಲು, ಒಂಬತ್ತನೆಯದು ತಿರುಗುವ ಜಾಗಕ್ಕೋ ಮಹಡಿಗೋ ಸೇರುವುದರಿಂದ ಕಾಲಿಡುವ ಹೆಜ್ಜೆ 8, ಹೆಜ್ಜೆ 10 ಇಂಚು ಅಂದರೆ 6 ಅಡಿ 8 ಇಂಚು, ತಿರುಗಲು 3 ಅಡಿ. ಹತ್ತಿರ ಹತ್ತಿರ 10 ಅಡಿ ಉದ್ದ, 6 ಅಡಿಗಿಂತ ಜಾಸ್ತಿ ಅಗಲ ಹೋಯಿತು. 'ಮೆಟ್ಟಲಾ ಅಲ್ಲೆ ಒಂದ್ ಕಡೆ ಕೂಡಸೋಣ ಬಿಡ್ರಿ' ಅನ್ನುವ ಮಾತಿನಲ್ಲಿ ಈ ಲೆಕ್ಕ ಇರುವುದಿಲ್ಲ. ಆಮೇಲೆ ಮೆಟ್ಟಿಲು ಕಡಿದಾಗುತ್ತದೆ, ಮೊಣಕಾಲು ನೋವಿನ ಅವ್ವ ಮೇಲೆ ಹತ್ತುವುದನ್ನೇ ಬಿಡುತ್ತಾರೆ.

ಕೊನೆಗೆ ನಿಮ್ಮ ಸಮಯ. ದಿನಾ ಎರಡು ಹೊತ್ತು ಕೆಲಸದ ಜಾಗಕ್ಕೆ ಹೋಗಿ ನಿಲ್ಲುವವರು ಮನೆಯಲ್ಲಿ ಯಾರಿದ್ದಾರೆ? ನೀವು ಬೆಂಗಳೂರಿನಲ್ಲಿ ನೌಕರಿ, ಮನೆಯಲ್ಲಿ ವಯಸ್ಸಾದವರು ಇಬ್ಬರೇ ಅಂದರೆ ಆಯ್ಕೆಯೇ ಬದಲಾಗುತ್ತದೆ.

ಗೌಂಡಿ

ನುರಿತ ಗೌಂಡಿಯ ಕೈ ದೊಡ್ಡದು. ಉಸುಕು ನೋಡಿ ಮಣ್ಣು ಎಷ್ಟಿದೆ ಹೇಳುತ್ತಾನೆ, ಗಿಲಾವು (ಪ್ಲಾಸ್ಟರ್) ಎಷ್ಟು ದಪ್ಪ ಬೇಕು ಗೊತ್ತಿರುತ್ತದೆ. ಹಿತ್ತಲಲ್ಲಿ ಶೀಟಿನ ಒಂದು ಕೋಣೆ, ಕಂಪೌಂಡ್ ಗೋಡೆ, ಭಾರ ಹೊರದ ಒಂದು ಅಡ್ಡಗೋಡೆ, ಇರುವ ಬಚ್ಚಲು ರಿಪೇರಿ, ಇವಕ್ಕೆ ಆರ್ಕಿಟೆಕ್ಟ್ ಹುಡುಕಿಕೊಂಡು ಅಲೆಯುವುದು ಬೇಡ. ಕೆಲಸ ಗೊತ್ತಿರುವ ಗೌಂಡಿ, ಅಳತೆ ಬರೆದ ಒಂದು ಹಾಳೆ ಸಾಕು.

ಆದರೆ ಅವನ ಹತ್ತಿರ ಇಲ್ಲದ್ದು ನೆಲದೊಳಗಿನದರ ನಕ್ಷೆ, ಭಾರದ ಲೆಕ್ಕ. ಕಾಕಾನ ಮನೆಯಲ್ಲಿ ಆದದ್ದು ಇದೇ. ಅಡುಗೆಮನೆಯನ್ನು ಹಿಂದಕ್ಕೆ 8 ಅಡಿ ಹಿಗ್ಗಿಸಿದರು. ಒಳಚರಂಡಿಯ ಚೇಂಬರ್ ಹೊಸ ಅಡುಗೆಮನೆಯ ನಟ್ಟನಡುವೆ ಬಂತು. 'ಏನೂ ಆಗೂದಿಲ್ರಿ' ಅಂತ ಮೇಲೆ ಫರಸಿ ಕೂಡಿಸಿ ಟೈಲ್ಸ್ ಹಾಕಿದರು. ಎರಡನೇ ಮಳೆಗಾಲಕ್ಕೆ ನೀರು ಕಟ್ಟಿತು. ಒಲೆಕಟ್ಟೆಯ ಬುಡದಲ್ಲಿ ಟೈಲ್ಸ್ ಒಡೆದು, ಅಡುಗೆಮನೆಯ ನಡುವೆ ಚೇಂಬರ್ ತೆರೆದು, ಕಾಕೂ ನಾಲ್ಕು ದಿನ ಪಡಸಾಲೆಯಲ್ಲಿ ಸ್ಟೋವ್ ಇಟ್ಟು ಅಡುಗೆ ಮಾಡಿದರು. ಇರುವ ಮನೆಯ ಅಳತೆ ನಕ್ಷೆಯೊಂದು ಮೊದಲೇ ಇದ್ದಿದ್ದರೆ ಆ ಚೇಂಬರ್ ಅದರಲ್ಲಿ ಒಂದು ಚಿಕ್ಕ ಚೌಕವಾಗಿ ಕಂಡಿರುತ್ತಿತ್ತು, ಪೈಪನ್ನು ಪಕ್ಕದ ಸಂದಿಗೆ ತಿರುಗಿಸಬಹುದಿತ್ತು. ನಮ್ಮಲ್ಲಿ ನೀರು ದಿನಾ ಬರದ ಬಡಾವಣೆಗಳಲ್ಲಿ ನೆಲದ ಟಾಕಿ ಕೂಡ ಹೀಗೇ ಅಡ್ಡ ಬರುತ್ತದೆ. ಟಾಕಿಯ ಮೇಲೆ ಕಾಲಮ್ ಇಳಿಸಲು ಆಗುವುದಿಲ್ಲ, ನೆನಪಿರಲಿ.

ಎಂಜಿನಿಯರ್ ಪ್ಲ್ಯಾನ್

ನಮ್ಮ ಊರಲ್ಲಿ ಜಾಸ್ತಿ ಜನ ಹಿಡಿಯುವ ದಾರಿ ಇದು. ಖರ್ಚು ಕಡಿಮೆ, ಪಾಲಿಕೆಯ ಕೆಲಸ ಅವರೇ ನೋಡಿಕೊಳ್ಳುತ್ತಾರೆ, ಬ್ಯಾಂಕಿಗೆ ಎಸ್ಟಿಮೇಟೂ ಕೊಡುತ್ತಾರೆ. ಆದರೆ ಎಂಜಿನಿಯರ್ ಅಂದರೆ ಎಲ್ಲರೂ ಒಂದೇ ಅಲ್ಲ. ಪರವಾನಗಿ ನಕ್ಷೆ ಮಾಡಿಕೊಡುವವರು ಬೇರೆ, ಕಬ್ಬಿಣ-ಕಾಂಕ್ರೀಟ್ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಬೇರೆ. ಕೆಲವರು ಎರಡೂ ಮಾಡುತ್ತಾರೆ. ನೀವು ಕೇಳಬೇಕಾದ್ದು ಇಷ್ಟೇ: ಫೂಟಿಂಗ್, ಕಾಲಮ್, ಬೀಮ್, ಸ್ಲ್ಯಾಬ್ ಪ್ರತಿಯೊಂದಕ್ಕೂ ಸರಳಿನ ನಕ್ಷೆ ಸಹಿ ಮಾಡಿ ಕೊಡುತ್ತೀರಾ?

ಮೇಲೆ ಮಹಡಿ ಏರಿಸುವವರು ಬೇರೆ ಎಲ್ಲಿ ದುಡ್ಡು ಉಳಿಸಿದರೂ ಇಲ್ಲಿ ಉಳಿಸಬೇಡಿ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಜನ ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ. ನಮ್ಮದು ಚಿಕ್ಕ ಮನೆ ಅಂತ ಭಾರದ ಲೆಕ್ಕ ಚಿಕ್ಕದಾಗುವುದಿಲ್ಲ.

ಕೋಣೆಗಳ ಜೋಡಣೆ ನಿಮ್ಮ ತಲೆಯಲ್ಲಿ ಸ್ಪಷ್ಟ ಇದೆ, ಸೈಟು ಅಗಲವಿದೆ, ಮೇಲೆ ಕೆಳಗಿನಂತೆಯೇ ಇನ್ನೊಂದು ಮಹಡಿ ಸಾಕು, ಬಾಡಿಗೆಗೆ ಕೊಡುವುದು. ಹೀಗಿದ್ದರೆ ಒಳ್ಳೆಯ ಎಂಜಿನಿಯರ್ ಸಾಕು. ಕೊರತೆ ಬೀಳುವುದು ಒಳಗಿನ ಬದುಕಿನಲ್ಲಿ. ಗಾಳಿ ಯಾವ ಕಡೆಯಿಂದ, ಪಡುವಣ ಬಿಸಿಲು ಎಲ್ಲಿ ಹೊಡೆಯುತ್ತದೆ, ಹಿಂದೆ ಹೊಸ ಕೋಣೆ ಬಂದ ಮೇಲೆ ನಡುವಿನ ಹಳೆಯ ಕೋಣೆಗೆ ಬೆಳಕು ಎಲ್ಲಿಂದ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದೆ ಹಿಗ್ಗಿಸಿದ ಮನೆಗಳಲ್ಲಿ ಹಗಲು 12ಕ್ಕೂ ಟ್ಯೂಬ್‌ಲೈಟ್ ಉರಿಯುತ್ತದೆ. ನಿಮ್ಮ ಓಣಿಯಲ್ಲೇ ಎಣಿಸಿ ನೋಡಿ.

ಆರ್ಕಿಟೆಕ್ಟ್

1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು. ಅವರ ನೋಂದಣಿ ಸಂಖ್ಯೆ 'ಸಿಎ' ಅಂತ ಶುರುವಾಗುತ್ತದೆ, ಆಮೇಲೆ ವರ್ಷ, ಅಂಕಿ. ಕೇಳಿ ಪಡೆದು ಕೌನ್ಸಿಲ್‌ನ ಪಟ್ಟಿಯಲ್ಲಿ ನೋಡಿಕೊಳ್ಳಬಹುದು. ನಕ್ಷೆ ಬರೆಯುವ ಕೆಲಸವನ್ನು ಬೇರೆಯವರು ಮಾಡಬಾರದು ಅಂತ ಈ ಕಾಯ್ದೆ ಹೇಳುವುದಿಲ್ಲ. ಅದು ಕಾಪಾಡುವುದು ಹೆಸರನ್ನು ಮಾತ್ರ ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಹೆಸರಿಗೆ ದುಡ್ಡು ಕೊಡುವುದಕ್ಕಿಂತ ಕೈಗೆ ಏನು ಬರುತ್ತದೆ ಅನ್ನುವುದಕ್ಕೆ ಕೊಡಿ.

ನಾವು ಮೊದಲ ಸಲ ಹೋದಾಗ 'ಸ್ಕ್ವೇರ್ ಫೂಟಿಗೆ ಎಷ್ಟು?' ಅಂತ ಕೇಳಿದ್ದೆವು. ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದ್ದು 'ಯಾವ ಯಾವ ಹಾಳೆ ಕೊಡ್ತೀರಿ, ಎಷ್ಟು ಸಲ ಬರ್ತೀರಿ?' ನಮ್ಮ ಕೈಗೆ ಬಂದದ್ದು ಹೀಗಿತ್ತು. ಮೊದಲು ಇರುವ ಮನೆಯ ಅಳತೆ ನಕ್ಷೆ: ಗೋಡೆ ದಪ್ಪ, ಪೈಪು, ಚೇಂಬರ್, ಟಾಕಿ, ಟೆರೇಸಿನ ನೀರು ಹೋಗುವ ಇಳಿಜಾರು ಎಲ್ಲಾ. ಈ ಹಾಳೆಯಲ್ಲೇ ನಮ್ಮ ಹಿಂದಿನ ಗೋಡೆ ಒಂದು ಕೊನೆಗೆ 3 ಇಂಚು ಓರೆ ಇದೆ ಅಂತ ತಿಳಿಯಿತು. ಅಷ್ಟು ವರ್ಷ ಆ ಮನೆಯಲ್ಲಿದ್ದ ನಮಗೆ ಗೊತ್ತಿರಲಿಲ್ಲ. ಆಮೇಲೆ ಎರಡು ಬಗೆಯ ಜೋಡಣೆ, ಅದರಲ್ಲಿ ಒಂದು ಒಪ್ಪಿದ ಮೇಲೆ ಪಾಲಿಕೆಯ ನಕ್ಷೆ, ನಂತರ ಕಟ್ಟುವ ನಕ್ಷೆಗಳು. ಗೋಡೆಯ ನಡುಗೆರೆ ಅಳತೆ, ಬಾಗಿಲು-ಕಿಟಕಿ ಪಟ್ಟಿ, ವೈರಿಂಗ್, ನೀರಿನ ಪೈಪು, ಬಚ್ಚಲಿನ ಇಳಿಜಾರು, ಮೆಟ್ಟಿಲನ್ನು ಅಡ್ಡ ಕೊಯ್ದು ತೋರಿಸಿದ ಚಿತ್ರ.

ಆ ಮೆಟ್ಟಿಲಿನ ಹಾಳೆಯ ಮೇಲೆ ಒಂದು ಚಿಕ್ಕ ಮನುಷ್ಯನ ಆಕಾರ ಬರೆದಿದ್ದರು. ಏಳನೇ ಮೆಟ್ಟಿಲಲ್ಲಿ ಅವನ ತಲೆ ಅಡುಗೆಮನೆ ಕಿಟಕಿಯ ಸಜ್ಜಾಕ್ಕೆ ಬಡಿಯುತ್ತಿತ್ತು. ಕಾಗದದ ಮೇಲೆ ಮೆಟ್ಟಿಲನ್ನು ಒಂದೂವರೆ ಅಡಿ ಸರಿಸಿದರು, ಮುಗಿಯಿತು. ಕಟ್ಟಿದ ಮೇಲೆ ಗೊತ್ತಾಗಿದ್ದರೆ ಸಜ್ಜಾ ಒಡೆಯಬೇಕಿತ್ತು, ಇಲ್ಲ ದಿನಾ ಬಗ್ಗಿ ಹತ್ತಬೇಕಿತ್ತು.

ಇನ್ನೊಂದು ಹಾಳೆಯ ಬಗ್ಗೆ ಹೇಳಲೇಬೇಕು. ಹಳೆಯ ಟೆರೇಸೂ ಹೊಸ ಸ್ಲ್ಯಾಬೂ ಕೂಡುವ ಜಾಗವನ್ನು 1:10 ಅಳತೆಯಲ್ಲಿ ದೊಡ್ಡದಾಗಿ ಬರೆದದ್ದು. ನಡುವೆ ಸಂದು, ಎರಡೂ ಕಡೆ ಸಣ್ಣ ಕಟ್ಟೆ, ಒಂದೇ ಕಡೆ ಹಿಡಿದು ನಿಂತ ಮುಚ್ಚಳ, ನೀರು ಸಂದಿನಿಂದ ಆಚೆ ಹರಿಯುವಂತೆ ಇಳಿಜಾರು. ಗೌಂಡಿ ಅದನ್ನು ಗೋಡೆಗೆ ಅಂಟಿಸಿಕೊಂಡು ಎರಡು ದಿನ ಕೆಲಸ ಮಾಡಿದ. ಎರಡು ಮಳೆಗಾಲ ಕಳೆದಿದೆ, ಒಂದು ಹನಿ ಇಳಿದಿಲ್ಲ. ಹಿಗ್ಗಿಸಿದ ಮನೆಗಳು ಜಾಸ್ತಿ ಸೋರುವುದು ಈ ಒಂದು ಗೆರೆಯಲ್ಲೇ. ಆರ್ಕಿಟೆಕ್ಟ್ ಕೊಡುವ ಪಟ್ಟಿಯಲ್ಲಿ ಈ ಹಾಳೆ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಆರ್ಕಿಟೆಕ್ಟ್ ಹತ್ತಿರವೂ ಎರಡು ದಾರಿ ಇದೆ. ನಕ್ಷೆ ಮಾತ್ರ ತೆಗೆದುಕೊಂಡು ಕೆಲಸ ನೀವೇ ಮಾಡಿಸುವುದು ಒಂದು. ನಕ್ಷೆಯಿಂದ ಕೀಲಿಕೈ ಕೊಡುವವರೆಗೆ ಅವರೇ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಫೀಸು ಜಾಸ್ತಿ. ಸಾಮಾನ್ಯವಾಗಿ ಕೆಲಸದ ಒಟ್ಟು ಖರ್ಚಿಗೆ ಶೇಕಡಾ ಇಷ್ಟು ಅಂತ ಕೇಳುತ್ತಾರೆ, ಜಿಎಸ್‌ಟಿ ನೋಂದಣಿ ಇದ್ದವರಾದರೆ ಫೀಸಿನ ಮೇಲೆ 18% ಸೇರುತ್ತದೆ. ಲೆಕ್ಕಕ್ಕೆ ಹೇಳುತ್ತೇನೆ: 20 ಲಕ್ಷದ ಕೆಲಸ, ಫೀಸು 5% ಅಂದರೆ 1 ಲಕ್ಷ, ತೆರಿಗೆ ಸೇರಿ 1 ಲಕ್ಷ 18 ಸಾವಿರ. ಕೇಳಿದ ಕೂಡಲೇ ಜಾಸ್ತಿ ಅನಿಸುತ್ತದೆ. ಅದರ ಎದುರು ಒಂದು ತಪ್ಪು ಗೋಡೆ ಒಡೆದು ಕಟ್ಟುವ ಖರ್ಚು, ಎರಡು ಸಲ ಕೊಂಡ ಕಿಟಕಿ, ಕೆಲಸ ನಿಂತ ಒಂದು ತಿಂಗಳು ಇಟ್ಟು ತೂಗಿ. ಶೇಕಡಾ ಲೆಕ್ಕ ಬೇಡ ಅನಿಸಿದರೆ ಒಟ್ಟು ಮೊತ್ತವೊಂದನ್ನು ಮೊದಲೇ ಮಾತಾಡಿಕೊಳ್ಳಬಹುದು. ದುಡ್ಡನ್ನು ಹಂತಹಂತವಾಗಿ, ಹಾಳೆ ಕೈಗೆ ಬಂದಂತೆ ಕೊಡಿ.

ನಾವು ಹಿಡಿದದ್ದು ನಡುವಿನ ದಾರಿ, ಮಧ್ಯಮ ಬಜೆಟ್ಟಿನವರಿಗೆ ನಾನು ಹೇಳುವುದೂ ಅದನ್ನೇ. ಪೂರ್ತಿ ನಕ್ಷೆಗಳು, ಜೊತೆಗೆ ಎಣಿಸಿದ ಭೇಟಿಗಳು. ಗೆರೆ ಹಾಕುವ ದಿನ, ಫೂಟಿಂಗ್ ಗುಂಡಿ ತೆಗೆದಾಗ, ಪ್ಲಿಂತ್ ಬೀಮ್‌ಗೆ, ಸ್ಲ್ಯಾಬಿನ ಕಬ್ಬಿಣ ಕಟ್ಟಿ ಮುಗಿದಾಗ, ವೈರಿಂಗ್ ಪೈಪು ಹಾಕಿದಾಗ, ಕೊನೆಗೆ ಆ ಸಂದಿನ ಕೆಲಸಕ್ಕೆ. ಆರು ಸಲ. ಗುಂಡಿ, ಪ್ಲಿಂತ್ ಬೀಮ್, ಸ್ಲ್ಯಾಬಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಕೂಡ ಬರಬೇಕು ಅಂತ ಮೊದಲೇ ಬರೆಸಿದ್ದೆವು. ಸ್ಲ್ಯಾಬಿನ ದಿನ ಅವರು ಬಂದು ಸರಳನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ತುಂಡುಗಳು, ಅಂದರೆ ಕವರ್ ಬ್ಲಾಕ್, ಹಲವು ಕಡೆ ಜಾರಿದ್ದನ್ನು ತೋರಿಸಿ ಮತ್ತೆ ಕೂಡಿಸಿದರು. ಸರಳು ಮತ್ತು ಸೆಂಟ್ರಿಂಗ್ ಹಲಗೆ ನಡುವೆ 20 ಎಂಎಂ ಕಾಂಕ್ರೀಟ್ ಇರಲೇಬೇಕು, ಇಲ್ಲದಿದ್ದರೆ ಕೆಲವೇ ವರ್ಷದಲ್ಲಿ ತುಕ್ಕು ಹಿಡಿದು ಗಿಲಾವು ಉದುರುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಇದು ಯಾರಿಗೂ ಕಾಣುವುದಿಲ್ಲ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ನಕ್ಷೆ ಮುಗಿಯಲು ತಿಂಗಳುಗಟ್ಟಲೆ ಹಿಡಿಯಬಹುದು. ಕೆಲವರು ಬಣ್ಣಬಣ್ಣದ ಥ್ರೀಡಿ ಚಿತ್ರ ಕೊಟ್ಟು ಮುಗಿಸುತ್ತಾರೆ, ಅದರಿಂದ ಒಂದು ಇಟ್ಟಂಗಿಯೂ ಏರುವುದಿಲ್ಲ. ನಮ್ಮ ಊರಿನ ಗೌಂಡಿಗಳಲ್ಲಿ ನಕ್ಷೆ ಓದಲು ಬಾರದವರೂ ಇದ್ದಾರೆ, ಹಾಗಾಗಿ ಅಳತೆ ಅಡಿ-ಇಂಚಿನಲ್ಲೂ ಬರೆದುಕೊಡಿ ಅಂತ ಹೇಳಿ. ವಾಸ್ತು ನೋಡುವ ಮನೆಯಾದರೆ ಮೊದಲ ದಿನವೇ ಹೇಳಿಬಿಡಿ. ನಕ್ಷೆ ಮುಗಿದ ಮೇಲೆ ಅಜ್ಜ ಬಂದು ಒಲೆ ಆಗ್ನೇಯಕ್ಕೆ ಬರಲಿ ಅಂದರೆ ಪೈಪು, ಕಿಟಕಿ ಎಲ್ಲಾ ಮತ್ತೆ ಶುರು.

ಪೂರ್ತಿ ಗುತ್ತಿಗೆ

ಸಾಮಾನು ಸಮೇತ ಸ್ಕ್ವೇರ್ ಫೂಟಿಗೆ ಇಷ್ಟು, ನಕ್ಷೆ ಉಚಿತ. ದೂರ ಇರುವವರಿಗೆ ಆರಾಮ, ಒಬ್ಬರ ಹತ್ತಿರ ಮಾತಾಡಿದರೆ ಸಾಕು. ಆದರೆ ಹಿಗ್ಗಿಸುವ ಕೆಲಸಕ್ಕೆ ಸ್ಕ್ವೇರ್ ಫೂಟ್ ಲೆಕ್ಕ ಸರಿಯಾಗಿ ಕೂಡುವುದಿಲ್ಲ. ಒಡೆಯುವುದು, ಅವಶೇಷ ಸಾಗಿಸುವುದು, ಹಳೆಯ ಪೈಪು ತಿರುಗಿಸುವುದು, ಎರೆಯಲ್ಲಿ ಇನ್ನೂ ಮೂರಡಿ ಆಳಕ್ಕೆ ಇಳಿಯುವುದು, ಇವೆಲ್ಲ ಯಾವ ಚದರಕ್ಕೂ ಸೇರುವುದಿಲ್ಲ. ತಂಗಿಯ ಮನೆಯಲ್ಲಿ ಇವು ಒಂದೊಂದಾಗಿ 'ಎಕ್ಸ್‌ಟ್ರಾ' ಅಂತ ಬಂದವು. ಮಾತು ಬೆಳೆಯಿತು, ಗುತ್ತಿಗೆದಾರರು ಗಿಲಾವಿನ ಹಂತದಲ್ಲಿ ಎರಡು ತಿಂಗಳು ಕೆಲಸ ನಿಲ್ಲಿಸಿದರು, ಮನೆಯವರು ಪ್ಲಾಸ್ಟಿಕ್ ತಾಡಪಾಲು ಕಟ್ಟಿಕೊಂಡು ಮಳೆ ಕಳೆದರು. ಇನ್ನೊಂದು ತೊಂದರೆ, ನಕ್ಷೆ ಬರೆಯುವವರೂ ಕಟ್ಟುವವರೂ ಒಬ್ಬರೇ ಆದಾಗ ಕಬ್ಬಿಣ ಸರಿಯಾಗಿದೆಯಾ ಅಂತ ನಿಮ್ಮ ಪರವಾಗಿ ನೋಡುವವರು ಯಾರೂ ಇರುವುದಿಲ್ಲ.

ಆದರೂ ಇದೇ ಬೇಕು ಅನ್ನುವವರು ನಕ್ಷೆ, ಸಾಮಾನಿನ ಪಟ್ಟಿ ಬೇರೆಯವರ ಕೈಲಿ ಮಾಡಿಸಿ, ಅದನ್ನು ಹಿಡಿದು ಮೂರು ಕಡೆ ದರ ಕೇಳಿ. ಆಗ ಮೂವರೂ ಒಂದೇ ಕೆಲಸಕ್ಕೆ ದರ ಹೇಳುತ್ತಾರೆ, ಹೋಲಿಸಲು ಬರುತ್ತದೆ. ಒಡೆಯುವ ಕೆಲಸ, ಪಾಯದ ಹೆಚ್ಚಿನ ಆಳಕ್ಕೆ ಅಡಿಗೆ ಎಷ್ಟು ಅನ್ನುವುದನ್ನು ಬೇರೆ ಸಾಲಾಗಿ ಬರೆಸಿ. ಕಬ್ಬಿಣ ಮುಚ್ಚುವ ಮುಂಚೆ ನೋಡಲು ನಿಮ್ಮದೇ ಸ್ಟ್ರಕ್ಚರಲ್ ಎಂಜಿನಿಯರನ್ನು ಇಟ್ಟುಕೊಳ್ಳಿ.

ಹಾಗಾದರೆ ನಿಮಗೆ ಯಾವುದು?

ಶೀಟಿನ ಕೋಣೆ, ರಿಪೇರಿ ಆದರೆ ಗೌಂಡಿ. ಮೇಲೆ ಅದೇ ಮಾದರಿಯ ಬಾಡಿಗೆ ಮನೆ, ಕೆಳಗೆ ಕಾಲಮ್ ಗಟ್ಟಿ ಇದೆ ಅಂದರೆ ಎಂಜಿನಿಯರ್, ಸರಳಿನ ನಕ್ಷೆ ಸಮೇತ. 30-40ರ ಸೈಟಿನಲ್ಲಿ ಮೂರೂ ಕಡೆ ಪಕ್ಕದ ಮನೆ, ಹಳೆಯ ಗೋಡೆಯ ಮನೆ, ನೀವೇ ಅಲ್ಲಿ ಇರುವವರು, ಹೀಗಿದ್ದರೆ ಆರ್ಕಿಟೆಕ್ಟ್ ನಕ್ಷೆ ಮತ್ತು ಎಣಿಸಿದ ಭೇಟಿಗಳು. ಕಲ್ಲುಗೋಡೆಯ ಹೆಂಚಿನ ಮನೆಯನ್ನು ಉಳಿಸಿಕೊಂಡು ಹಿಗ್ಗಿಸುವವರು ಅಂಥ ಕೆಲಸ ಮಾಡಿದ ಆರ್ಕಿಟೆಕ್ಟನ್ನೇ ಹುಡುಕಿ, ಅವರು ಮುಗಿಸಿದ ಮನೆಯೊಂದಕ್ಕೆ ಮಳೆಗಾಲದಲ್ಲಿ ಹೋಗಿ ಗೋಡೆ ಮುಟ್ಟಿ ನೋಡಿ. ಊರಲ್ಲಿ ಇಲ್ಲದವರು ಪೂರ್ತಿ ಜವಾಬ್ದಾರಿಗೆ ಫೀಸು ಕೊಡುವುದೇ ಒಳ್ಳೆಯದು. ಕೈಯಲ್ಲಿ ದುಡ್ಡು ತೀರಾ ಕಡಿಮೆ ಇದ್ದರೆ ಪೂರ್ತಿ ನಕ್ಷೆ ಈಗಲೇ ಮಾಡಿಸಿಕೊಂಡು ಕೆಲಸವನ್ನು ಎರಡು ಹಂತದಲ್ಲಿ ಮಾಡಿ. ಈ ವರ್ಷ ಪಾಯ ಮತ್ತು ಕೆಳಗಿನ ಕೋಣೆ, ಮುಂದೆ ಮೇಲಿನದು. ಅರ್ಧ ನಕ್ಷೆಯಲ್ಲಿ ಪೂರ್ತಿ ಮನೆ ಕಟ್ಟಲು ಹೋಗಬೇಡಿ.

ಹೊತ್ತಿನ ಲೆಕ್ಕವನ್ನೂ ಹಿಂದಿನಿಂದ ಎಣಿಸಿ. ನಮ್ಮಲ್ಲಿ ಪಾಯದ ಗುಂಡಿ ಜೂನ್‌ನಲ್ಲಿ ತೆಗೆದರೆ ನೀರು ತುಂಬಿ ಹಳೆಯ ಪಾಯದ ಬುಡ ಮೆತ್ತಗಾಗುತ್ತದೆ. ಜನವರಿಯಲ್ಲಿ ಗುಂಡಿ ಬೀಳಬೇಕು ಅಂದರೆ ದಸರಾ ಹೊತ್ತಿಗೆ ಜೋಡಣೆ ಒಪ್ಪಿ ಪಾಲಿಕೆಗೆ ಅರ್ಜಿ ಹೋಗಿರಬೇಕು. ಅಂದರೆ ಆರ್ಕಿಟೆಕ್ಟ್ ಹತ್ತಿರ ಮೊದಲ ಮಾತು ಮಳೆಗಾಲದಲ್ಲೇ ಆಗಬೇಕು. ಅದೂ ಒಳ್ಳೆಯದೇ, ಟೆರೇಸಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಹಿತ್ತಲಲ್ಲಿ ಯಾವ ಕಡೆ ಹರಿಯುತ್ತದೆ ಅನ್ನುವುದನ್ನು ಅವರು ಬಂದಾಗ ನೀವು ಕೈ ಮಾಡಿ ತೋರಿಸಬಹುದು.